ಕಾಂಟೆಸ್ಸಾದ ಎಸಿ ಡಬ್ಬಿಗೆ ಮೂರು ಥರದ ಫೋಮ್ ಹಾಕಿ ನೋಡಿದೆ

ಹುಮನಾಬಾದಿಗೆ ಮದುವೆಗೆ ಹೊರಟಿದ್ದೆವು. ಎಸಿ ಹಾಕಿ ಐದು ನಿಮಿಷ ಆಗಿರಲಿಲ್ಲ, ವೆಂಟ್‌ನಿಂದ ಕರಿ ಪುಡಿ ಹಾರಿ ಬಂದು ಅವ್ವನ ಇಳಕಲ್ ಸೀರೆ ಮೇಲೆ ಬಿತ್ತು. ಒರೆಸಿದರೆ ಕಾಡಿಗೆಯ ಹಾಗೆ ಅಂಟುತ್ತಿತ್ತು. ನಮ್ಮದು 1993ರ ಕಾಂಟೆಸ್ಸಾ ಕ್ಲಾಸಿಕ್ ಕಾರು, ಇಸುಜು 1.8 ಪೆಟ್ರೋಲ್ ಎಂಜಿನ್. ಅಪ್ಪ ಕೊಂಡ ಗಾಡಿ. ಅದಕ್ಕೆ ಎರಡು ಬೇಸಿಗೆ ಗ್ಯಾಸ್ ತುಂಬಿಸಿದ್ದೆ, ತಂಪು ಮಾತ್ರ ಬಂದಿರಲಿಲ್ಲ.

ಕಲಬುರಗಿಯಲ್ಲಿ ಕಪನೂರ ಕಡೆಯ ನಮ್ಮ ಮೆಕ್ಯಾನಿಕ್ ಗೇಜ್ ಹಚ್ಚಿ ನೋಡಿ ಹೇಳಿದರು: "ಗ್ಯಾಸ್ ಬರೋಬ್ಬರಿ ಅದರಿ ಸಾಹೇಬ್ರ. ಥಂಡಿ ಆಗ್ಲತ್ತದ, ಆದ್ರ ನಿಮ್ಮ ತನಕ ಬರ್ಲತ್ತಿಲ್ಲ."

ನಿಜ ಅದೇ ಆಗಿತ್ತು. ನಮ್ಮ ಗಾಡಿಯಲ್ಲಿ ತಂಪಿನ ಕಾಯಿಲ್, ಹೀಟರಿನ ಪುಟ್ಟ ರೇಡಿಯೇಟರ್ ಎರಡೂ ಒಂದೇ ಡಬ್ಬಿಯಲ್ಲಿವೆ. ನಡುವೆ ಗಾಳಿಯ ದಾರಿ ತೆರೆದು ಮುಚ್ಚುವ ಒಂದು ಫ್ಲ್ಯಾಪ್. ಅದರ ಅಂಚಿಗೆ ಅಂಟಿಸಿದ್ದ ಫೋಮ್ ಮೂವತ್ತು ವರ್ಷಕ್ಕೆ ಪುಡಿಯಾಗಿತ್ತು. ಹೀಟರಿನೊಳಗೆ ಹರಿಯುವ ಎಂಜಿನ್ನಿನ ನೀರು 80-90 ಡಿಗ್ರಿ ಕಾದಿರುತ್ತದೆ. ಆ ಬಿಸಿಗಾಳಿ ಸಂದಿಯಿಂದ ನುಸುಳಿ ತಂಪುಗಾಳಿಗೆ ಸೇರುತ್ತಿತ್ತು. ಹೊರಗೆ 41 ಡಿಗ್ರಿ ಇದ್ದಾಗ ವೆಂಟ್‌ಗೆ ಥರ್ಮಾಮೀಟರ್ ಸಿಕ್ಕಿಸಿ ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದೆ. 21 ಡಿಗ್ರಿ ತೋರಿಸಿತು.

ಮೊದಲ ಸಲ ಸೋಫಾ ಸ್ಪಂಜ್ ಹಾಕಿದೆ. ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿ ಸಿಗುತ್ತದೆ, ಅಗ್ಗ, ಕತ್ತರಿಸುವುದೂ ಸಲೀಸು. ಮೆತ್ತಗಿರುವುದರಿಂದ ಫ್ಲ್ಯಾಪ್ ಚೆನ್ನಾಗಿ ಕೂತಿತು, ವೆಂಟ್ 15ಕ್ಕೆ ಇಳಿಯಿತು. ಖುಷಿಯಾಗಿದ್ದೆ. ಮಳೆಗಾಲ ಬಂದಾಗ ತಪ್ಪು ತಿಳಿಯಿತು. ಸ್ಪಂಜಿನ ತೂತುಗಳು ಒಂದಕ್ಕೊಂದು ತೆರೆದಿರುತ್ತವೆ, ಕಾಯಿಲ್ ಮೇಲೆ ಕಟ್ಟುವ ನೀರನ್ನು ಅದು ಹೀರಿಕೊಳ್ಳುತ್ತದೆ. ಗಾಡಿ ಬಾಗಿಲು ತೆರೆದರೆ ಒಣಗದ ಬಟ್ಟೆಯ ಮುಗ್ಗಲು ವಾಸನೆ. ಮುಂದಿನ ಏಪ್ರಿಲ್‌ಗೆ ವೆಂಟ್ ಮತ್ತೆ 18.

ಡ್ಯಾಶ್‌ಬೋರ್ಡ್ ಬಿಚ್ಚುವುದು ಎರಡು ದಿನದ ಕೆಲಸ. ಹಾಗಾಗಿ ಎರಡನೇ ಸಲ ಒಂದೇ ಡಬ್ಬಿಯಲ್ಲಿ ಎರಡು ಥರದ ಫೋಮ್ ಹಾಕಿದೆ. ಹೀಟರ್ ಫ್ಲ್ಯಾಪಿಗೆ ಚಪ್ಪಲಿ ಮಾಡುವವರು ಬಳಸುವ ಇವಿಎ ಶೀಟ್. ಕಾಲಿನ ಕಡೆ ಗಾಳಿ ಬಿಡುವ ಫ್ಲ್ಯಾಪಿಗೆ, ಮನೆಯ ಸ್ಪ್ಲಿಟ್ ಎಸಿಯ ತಾಮ್ರದ ಪೈಪಿಗೆ ಸುತ್ತುತ್ತಾರಲ್ಲ, ಆ ಕರಿ ನೈಟ್ರೈಲ್ ರಬ್ಬರ್ ಶೀಟ್. ಎರಡೂ ನೀರು ಕುಡಿಯುವುದಿಲ್ಲ.

ಒಂದು ವರ್ಷದ ನಂತರ ಡಬ್ಬಿ ತೆರೆದು ನೋಡಿದೆ. ಇವಿಎ ಒತ್ತಿದ ಕಡೆ ಒತ್ತಿಕೊಂಡೇ ಇತ್ತು. ಫ್ಲ್ಯಾಪಿನ ಅಂಚಿನ ಗುರುತು ಅದರಲ್ಲಿ ಉಗುರಿನಿಂದ ಗೀರಿದ ಹಾಗೆ ಮೂಡಿತ್ತು. ಬಿಸಿಗೆ ಮೆತ್ತಗಾಗಿ, ಆಮೇಲೆ ಹಿಂದಿನ ದಪ್ಪಕ್ಕೆ ಬಂದಿರಲಿಲ್ಲ. ಒಂದು ಮೂಲೆಯಲ್ಲಿ ಕಿರುಬೆರಳಿನ ಉಗುರು ಹೋಗುವಷ್ಟು ಸಂದಿ. ನೈಟ್ರೈಲ್ ಮಾತ್ರ ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಪಟ್ಟನೆ ಎದ್ದು ನಿಲ್ಲುತ್ತಿತ್ತು. ಇದು ಸುಮಾರು 105 ಡಿಗ್ರಿವರೆಗೂ ತಡೆಯುತ್ತದೆ. ನಮ್ಮ ಊರಿನ ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಗಾಡಿಯೊಳಗೆ ಅಂಥದ್ದೇ ಬೇಕು, ಅಲ್ವಾ?

ಈಗ ಎಲ್ಲ ಫ್ಲ್ಯಾಪಿಗೂ ನೈಟ್ರೈಲೇ. ದಪ್ಪದ ಬಗ್ಗೆ ಎಚ್ಚರ ಇರಲಿ. ಮೊದಲು 9 ಎಂಎಂ ತಂದೆ, ಫ್ಲ್ಯಾಪ್ ಪೂರ್ತಿ ತಿರುಗಲೇ ಇಲ್ಲ, ಕೇಬಲ್ ಎಳೆದು ಬಾಗಿತು. 6 ಎಂಎಂ ಸರಿಯಾಯಿತು. ಹಳೆ ಫೋಮನ್ನು ಸೀಮೆಎಣ್ಣೆ ಹಚ್ಚಿ ಪುಟ್ಟಿ ಪಟ್ಟಿಯಿಂದ ಕೆರೆದು, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ರಬ್ಬರ್ ಸಲ್ಯೂಷನ್ ಹಚ್ಚಬೇಕು. ಪ್ಲಾಸ್ಟಿಕ್ ಡಬ್ಬಿಗೆ ಥಿನ್ನರ್ ಮುಟ್ಟಿಸಬೇಡಿ, ಕರಗಬಹುದು. ಡಬ್ಬಿಯ ಎರಡು ಹೋಳು ಕೂಡಿಸಲು ವಿನೆಗರ್ ವಾಸನೆಯ ಸಿಲಿಕೋನ್ ಕೂಡ ಬೇಡ. ಅದರ ಆಮ್ಲ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ನಾನು ಬ್ಯುಟೈಲ್ ಟೇಪ್ (ಅಂಟಂಟಾದ ಮೆತ್ತನೆ ರಬ್ಬರ್ ಪಟ್ಟಿ) ಹಾಕಿದೆ, ಮುಂದೆ ಮತ್ತೆ ಬಿಚ್ಚಲೂ ಬರುತ್ತದೆ.

ಜೋಡಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಕತ್ತಲೆ ಕೋಣೆಯಲ್ಲಿ ಡಬ್ಬಿಯೊಳಗೆ ಟಾರ್ಚ್ ಇಟ್ಟು ಫ್ಲ್ಯಾಪ್ ಮುಚ್ಚಿ. ಬೆಳಕು ಎಲ್ಲಿ ಗೆರೆಯಾಗಿ ಕಾಣುತ್ತದೋ ಅಲ್ಲೇ ಸೋರಿಕೆ. ನನಗೆ ಎರಡು ಗೆರೆ ಕಂಡವು, ಅಲ್ಲಿ ತೆಳ್ಳಗೆ ಒಂದೊಂದು ಪಟ್ಟಿ ಸೇರಿಸಿದೆ.

ಕಾಯಿಲ್ ಬದಲಿಸಲಿಲ್ಲ. ರೆಕ್ಕೆಗಳ ನಡುವೆ ಧೂಳು, ಹಳೆ ಫೋಮಿನ ಪುಡಿ ಕಂಬಳಿಯ ಹಾಗೆ ಕೂತಿತ್ತು. ತೊಳೆದು, ನೈಟ್ರೋಜನ್ ಒತ್ತಡದಲ್ಲಿ ಸೋರಿಕೆ ನೋಡಿಸಿ ಅದನ್ನೇ ಕೂರಿಸಿದೆ.

ಗ್ಯಾಸ್ ವಿಷಯಕ್ಕೆ ಜಾಸ್ತಿ ಯೋಚನೆ ಬೇಡ. ಹಳೆಯ ಆರ್-12 ಓಝೋನ್ ಪದರಕ್ಕೆ ಹಾನಿ ಮಾಡುವ ಸಿಎಫ್‌ಸಿ ಗ್ಯಾಸ್, 2010ರಿಂದ ನಮ್ಮ ದೇಶದಲ್ಲಿ ಅದು ಬಂದ್. ಆರ್-134ಎ ಹಾಕಿಸಿ. ಆದರೆ ಸುಮ್ನೆ ತುಂಬಿಸಿದರೆ ಆಗದು, ಹಳೆ ಮಿನರಲ್ ಆಯಿಲ್ ಅದರ ಜೊತೆ ಬೆರೆಯುವುದಿಲ್ಲ. ಆಯಿಲ್, ರಬ್ಬರ್ ರಿಂಗ್, ತೇವ ಹೀರುವ ಡ್ರೈಯರ್ ಮೂರನ್ನೂ ಬದಲಿಸಬೇಕು. ಒಂದು ಅಂಗಡಿಯಲ್ಲಿ ನನಗೆ ಎಲ್‌ಪಿಜಿ ಬೆರೆಸಿದ ಗ್ಯಾಸ್ ಹಾಕ್ತೀನಿ, ಜಾಸ್ತಿ ತಂಪು ಬರುತ್ತದೆ ಅಂದರು. ಮಕ್ಕಳು ಕೂರುವ ಗಾಡಿಯ ಡಬ್ಬಿಯೊಳಗೆ ಬೆಂಕಿ ಹತ್ತುವ ಗ್ಯಾಸ್ ಬೇಡವೇ ಬೇಡ. ಎದ್ದು ಬಂದೆ.

ಈ ಏಪ್ರಿಲ್‌ನಲ್ಲಿ ಅದೇ ರಿಂಗ್ ರೋಡ್, ಮಧ್ಯಾಹ್ನ ಎರಡು ಗಂಟೆ, ಹೊರಗೆ 41. ವೆಂಟ್ 11 ತೋರಿಸಿತು.

ಇಷ್ಟಕ್ಕೆ ಫೋಮ್ ಒಂದೇ ಕಾರಣ ಅಲ್ಲ, ಹೀಟರಿಗೆ ಬಿಸಿನೀರು ಹೋಗದಂತೆ ತಡೆದದ್ದರ ಪಾಲೂ ಇದೆ. ಕಲಬುರಗಿಯಲ್ಲಿ ಹೀಟರ್ ಯಾಕೆ, ಪೈಪ್ ತಿರುಗಿಸಿ ಬೈಪಾಸ್ ಮಾಡಿಬಿಡಿ ಅಂತ ಬಹಳ ಜನ ಹೇಳಿದರು. ನಾನು ಪೈಪಿನ ನಡುವೆ ಒಂದು ಹಿತ್ತಾಳೆ ಟ್ಯಾಪ್ ಕೂರಿಸಿದೆ. ಫೆಬ್ರುವರಿ ಮುಗಿಯುತ್ತಲೇ ಬಂದ್ ಮಾಡುತ್ತೇನೆ. ಡಿಸೆಂಬರಿನಲ್ಲಿ ಬೆಳಗಿನ ಐದಕ್ಕೆ ಬೀದರ್ ಕಡೆ ಹೊರಟಾಗ ತೆರೆಯುತ್ತೇನೆ. ಅವ್ವನ ಕಾಲಿಗೆ ಬಿಸಿಗಾಳಿ ಬರುತ್ತದೆ.