ಹಳೆಯ ಕ್ವಾಲಿಸ್‌ಗೆ ತಾಮ್ರ-ನಿಕ್ಕಲ್ ಕ್ಲಚ್ ಪೈಪು: ಮೂರು ಮಳೆಗಾಲ ಕಳೆದ ಮೇಲೆ

ವಾಹನ: ಟೊಯೋಟಾ ಕ್ವಾಲಿಸ್, 2.4 ಲೀಟರ್ ಡೀಸೆಲ್. ಹಾಕಿದ್ದು: 3/16 ಇಂಚಿನ, ಅಂದರೆ 4.76 ಮಿ.ಮೀ. ದಪ್ಪದ ತಾಮ್ರ-ನಿಕ್ಕಲ್ ಪೈಪು, 25 ಅಡಿಯ ಸುರುಳಿ. ಜೊತೆಗೆ ಹೊಸ ರಬ್ಬರ್ ಹೋಸ್, ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರಿನ ರಬ್ಬರ್ ಕಿಟ್, ಅರ್ಧ ಲೀಟರ್ ಡಾಟ್ 3 ಬ್ರೇಕ್ ಆಯಿಲ್. ಓಡಾಟ ಹೆಚ್ಚಾಗಿ ಕರಾವಳಿಯಲ್ಲಿ.

ಮೊದಲೇ ಹೇಳಿಬಿಡುತ್ತೇನೆ: ಪೈಪು ಚೆನ್ನಾಗಿದೆ, ಅದರ ಜೊತೆ ಬಂದ ನಟ್‌ಗಳು ಚೆನ್ನಾಗಿಲ್ಲ.

ಬಿಡದಿಯ ಕಾರ್ಖಾನೆಯಲ್ಲಿ ಕ್ವಾಲಿಸ್ ತಯಾರಾಗಿದ್ದು 2000ದಿಂದ 2005ರವರೆಗೆ. ಇಂದು ರಸ್ತೆಯಲ್ಲಿರುವ ಯಾವ ಕ್ವಾಲಿಸ್ ಆದರೂ ಇಪ್ಪತ್ತು ವರ್ಷ ದಾಟಿದ್ದೇ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ತಳ್ಳುವ ಆಯಿಲನ್ನು ಸ್ಲೇವ್ ಸಿಲಿಂಡರಿಗೆ ಒಯ್ಯುವುದೇ ಕ್ಲಚ್ ಪೈಪು; ಮೂಲದ್ದು ಉಕ್ಕಿನದು. ಅದು ಬಯಲಲ್ಲಿರುವ ಕಡೆ ಬೇಗ ಹಾಳಾಗುವುದಿಲ್ಲ; ಕ್ಲಿಪ್ಪಿನ ಅಡಿಯಲ್ಲಿ ಹಾಳಾಗುತ್ತದೆ. ಅಲ್ಲಿ ಉಜ್ಜಿ ಬಣ್ಣ ಹೋಗುತ್ತದೆ, ಉಪ್ಪಿನ ತೇವ ಕೂರುತ್ತದೆ, ತುಕ್ಕು ಗುಳಿ ಕೊರೆಯುತ್ತದೆ. ಪೈಪು ಮೊದಲು ಬೆವರಿದಂತೆ ಒದ್ದೆಯಾಗುತ್ತದೆ, ಆಮೇಲೆ ಒಂದು ದಿನ ಪೆಡಲ್ ನೆಲಕ್ಕೆ ಕೂತುಬಿಡುತ್ತದೆ.

ಲೀಕ್ ಎಲ್ಲಿದೆ ಎಂದು ಖಚಿತವಾಗದೆ ಪೈಪು ಬಿಚ್ಚಬೇಡಿ. ರಿವರ್ಸ್ ಹಾಕುವಾಗ ಗೇರ್ ಕಿರ್ರೆನ್ನುವುದು, ಪೆಡಲ್ ಎರಡು ಸಲ ಪಂಪ್ ಮಾಡಿದರೆ ಮಾತ್ರ ಗೇರ್ ಬೀಳುವುದು, ಇವೆಲ್ಲ ಮಾಸ್ಟರ್, ಪೈಪು, ಹೋಸ್, ಸ್ಲೇವ್ ನಾಲ್ಕರಲ್ಲಿ ಯಾವುದು ಕೆಟ್ಟರೂ ಬರುವ ಲಕ್ಷಣ. ಡ್ಯಾಶ್ ಕೆಳಗೆ ಪೆಡಲಿನ ಪುಶ್ ರಾಡ್ ಒದ್ದೆಯಾಗಿದ್ದರೆ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಬೆಲ್ ಹೌಸಿಂಗ್, ಅಂದರೆ ಕ್ಲಚ್ಚನ್ನು ಮುಚ್ಚಿರುವ ಕವಚದ ಪಕ್ಕದ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟನ್ನು ಬೆರಳಿಂದ ಎತ್ತಿ ನೋಡಿ. ಕಪ್ಪು ಆಯಿಲ್ ಸುರಿದರೆ ಸ್ಲೇವ್ ಕಿಟ್ ಮುಗಿದಿದೆ. ಎರಡೂ ಒಣಗಿದ್ದರೆ ಪೈಪನ್ನೂ ಹೋಸನ್ನೂ ಒರೆಸಿ, ಟಾಲ್ಕಂ ಪೌಡರ್ ಉದುರಿಸಿ, ಒಬ್ಬರು ಪೆಡಲನ್ನು ಇಪ್ಪತ್ತು ಸಲ ಒತ್ತಲಿ. ತೂತಿರುವ ಕಡೆ ಬಿಳಿ ಪುಡಿಯಲ್ಲಿ ಸಾಸಿವೆ ಗಾತ್ರದ ಕಂದು ಚುಕ್ಕೆ ಮೂಡುತ್ತದೆ. ಎಂಸೀಲ್ ಹಚ್ಚುವುದು, ತೂತಿರುವಷ್ಟು ಕತ್ತರಿಸಿ ಒಳಗೆ ಕಂಪ್ರೆಷನ್ ಜಾಯಿಂಟ್ ಕೂರಿಸುವುದು ಇಲ್ಲಿ ಬೇಡವೇ ಬೇಡ. ಆ ಒತ್ತಡಕ್ಕೆ ಅವು ನಿಲ್ಲುವುದಿಲ್ಲ.

ತಾಮ್ರ-ನಿಕ್ಕಲ್ ಎಂದರೆ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ತಾಮ್ರ, ಒಂದು ಪಾಲು ನಿಕ್ಕಲ್, ಜೊತೆಗೆ ಸ್ವಲ್ಪ ಕಬ್ಬಿಣ, ಮ್ಯಾಂಗನೀಸ್. ವೋಲ್ವೊ 1970ರ ದಶಕದಲ್ಲೇ ಬ್ರೇಕ್ ಪೈಪಿಗೆ ಇದನ್ನು ಬಳಸತೊಡಗಿತ್ತು. ಎಸಿ ಕೆಲಸದ ಬರಿ ತಾಮ್ರದ ಪೈಪು ಇದರ ಬದಲಿಗೆ ಬರುವುದಿಲ್ಲ. ಎಂಜಿನ್ ನಡುಕಕ್ಕೆ ಅದು ಗಡುಸಾಗಿ, ಫ್ಲೇರ್, ಅಂದರೆ ಜೋಡಣೆಗಾಗಿ ಅಗಲಿಸಿದ ತುದಿಯ ಬುಡದಲ್ಲಿ ಬಿರಿಯುತ್ತದೆ. ಅಂಗಡಿಯಲ್ಲಿ ಎರಡೂ ಒಂದೇ ಬಣ್ಣ ಕಂಡರೂ ತಾಮ್ರ-ನಿಕ್ಕಲ್ ಸ್ವಲ್ಪ ಮಾಸಲು, ಬಗ್ಗಿಸುವಾಗ ಕೈಗೆ ಬಿಗಿ.

ಇಡೀ ಕೆಲಸ ನಿಂತಿರುವುದು ಫ್ಲೇರ್ ಮೇಲೆ. ಹಳೆಯ ಪೈಪಿನ ತುದಿ ನೋಡಿ: ಅಂಚು ಒಳಕ್ಕೆ ಮಡಚಿದ ಡಬಲ್ ಫ್ಲೇರ್, ನಟ್ ಎಂ10, 1.0 ಪಿಚ್ (10 ಮಿ.ಮೀ. ದಪ್ಪ, ಮರೆಗಳ ನಡುವೆ 1 ಮಿ.ಮೀ.). ಯುರೋಪಿನ ಕಾರುಗಳ ಗುಂಡನೆಯ ಬಬಲ್ ಫ್ಲೇರ್ ಇದರ ಸೀಟಿಗೆ ಕೂರುವುದಿಲ್ಲ. ಎಷ್ಟು ಬಿಗಿದರೂ ಲೀಕ್ ಆಗುತ್ತದೆ, ಮೇಲಾಗಿ ಸಿಲಿಂಡರಿನ ಸೀಟ್ ಕೆಡುತ್ತದೆ. ಪೈಪನ್ನು ಗರಗಸದಿಂದಲ್ಲ, ಟ್ಯೂಬ್ ಕಟರಿನಿಂದ ಕತ್ತರಿಸಿ. ಒಳ ಹೊರ ಎರಡೂ ಕಡೆ ಚೂಪು ಅಂಚು ತೆಗೆಯಿರಿ. ನಟ್ ಮೊದಲು ತೂರಿಸಿ, ಆಮೇಲೆ ಫ್ಲೇರ್ ಮಾಡಿ. ಭೂತಗನ್ನಡಿಯಲ್ಲಿ ಫ್ಲೇರ್ ಮುಖವನ್ನು ನೋಡಿದರೆ ಸುತ್ತಲೂ ಒಂದೇ ಅಗಲದ ಹೊಳೆಯುವ ಉಂಗುರ ಕಾಣಬೇಕು. ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ ಇದ್ದರೆ ಕತ್ತರಿಸಿ ಮತ್ತೆ ಮಾಡಿ. ಸುರುಳಿ ಉದ್ದಕ್ಕೆ ಇರುವುದರಿಂದ ನಾಲ್ಕೈದು ಫ್ಲೇರ್ ಅಭ್ಯಾಸಕ್ಕೆಂದೇ ಮಾಡಬಹುದು.

ಹಳೆಯ ನಟ್ ಬಿಚ್ಚಲು 10 ಎಂಎಂ ಫ್ಲೇರ್ ಸ್ಪ್ಯಾನರ್ ಬೇಕು. ಸಾಮಾನ್ಯ ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಗುಂಡಗಾಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹೊಡೆದಿಡಿ. ಹೊಸದನ್ನು ಕೈಯಿಂದ ಮೂರ್ನಾಲ್ಕು ಸುತ್ತು ಹತ್ತಿಸಿ, ನಂತರ ಸುಮಾರು 15 ನ್ಯೂಟನ್ ಮೀಟರ್ ಬಿಗಿದರೆ ಸಾಕು.

ಹೋಸ್ ಹಳೆಯದೇ ಇರಲಿ ಎನ್ನಬೇಡಿ. ಹೊರಗೆ ಚೆನ್ನಾಗಿ ಕಂಡರೂ ಒಳಪದರ ಉಬ್ಬಿ ದಾರಿ ಕಟ್ಟುತ್ತದೆ, ಆಗ ಪೆಡಲ್ ಬಿಟ್ಟ ಮೇಲೂ ಕ್ಲಚ್ ತಡವಾಗಿ ಹಿಡಿಯುತ್ತದೆ. ಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆದರೆ ರಬ್ಬರ್ ಕಪ್ ಊದಿಕೊಳ್ಳುತ್ತದೆ. ಹೊಸ ಬ್ರೇಕ್ ಆಯಿಲ್‌ನಲ್ಲೇ ತೊಳೆಯಿರಿ. ಆಯಿಲ್ ಬಾಡಿಯ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ.

ಪೈಪು ಬಿಚ್ಚಿದಾಗ ಒಳಗೆ ಸೇರಿದ ಏರ್ ತೆಗೆಯುವಾಗ ಹೆಚ್ಚಿನವರು ಸೋಲುತ್ತಾರೆ. ಪೆಡಲನ್ನು ಬಡಬಡನೆ ಪಂಪ್ ಮಾಡಿದರೆ ಆಯಿಲ್ ನೊರೆಯಾಗುತ್ತದೆ, ಗುಳ್ಳೆ ಪೈಪಿನ ಎತ್ತರದ ಬಾಗಿನಲ್ಲೇ ಉಳಿಯುತ್ತದೆ. ಕೆಳಗಿಂದ ಮೇಲಕ್ಕೆ ಕಳಿಸುವುದು ವಾಸಿ: ಮೇಲಿನ ರಿಸರ್ವಾಯರ್ (ಆಯಿಲ್ ಡಬ್ಬಿ) ಅರ್ಧ ಖಾಲಿ ಮಾಡಿ, 60 ಮಿ.ಲೀ. ಸಿರಿಂಜಿಗೆ ಪಾರದರ್ಶಕ ಟ್ಯೂಬ್ ಹಾಕಿ, ಟ್ಯೂಬಿನಲ್ಲಿ ಗಾಳಿ ಇಲ್ಲದಂತೆ ತುಂಬಿ, ಸ್ಲೇವ್ ನಿಪ್ಪಲ್‌ಗೆ (ಏರ್ ಬಿಡುವ ಸ್ಕ್ರೂಗೆ) ಸಿಕ್ಕಿಸಿ, ನಿಪ್ಪಲ್ ಬಿಚ್ಚಿ ನಿಧಾನ ಒತ್ತಿ, ಮುಗಿದ ಮೇಲೆ ಮುಚ್ಚಿ. ಮೇಲೆ ಗುಳ್ಳೆ ಬರುವುದು ಕಾಣುತ್ತದೆ. ರಿಸರ್ವಾಯರ್ ತುಂಬುತ್ತ ಬಂದಂತೆ ಆಯಿಲ್ ಹೊರತೆಗೆಯುತ್ತಿರಿ. ಕೊನೆಗೆ ಇಬ್ಬರು ಸೇರಿ ಮಾಮೂಲಿ ಕ್ರಮದಲ್ಲಿ ನಾಲ್ಕು ಸಲ: ಪೆಡಲ್ ಒತ್ತಿ ಹಿಡಿ, ನಿಪ್ಪಲ್ ಕಾಲು ಸುತ್ತು ಬಿಚ್ಚು, ಮುಚ್ಚು, ಆಮೇಲೆ ಪೆಡಲ್ ಬಿಡು. ಎಲ್ಲ ಸೇರಿ 300 ಮಿ.ಲೀ. ಒಳಗೆ ಮುಗಿಯುತ್ತದೆ.

ಮೂರು ಮಳೆಗಾಲದ ಬಳಿಕ ಪೈಪು ಕಪ್ಪುಗಂದು ಬಣ್ಣಕ್ಕೆ ತಿರುಗಿದೆ, ಒಂದೆರಡು ಕಡೆ ಹಸಿರು ಕಲೆ ಇದೆ. ಉಗುರಿಂದ ಕೆರೆದರೆ ಅಡಿಯಲ್ಲಿ ನುಣುಪು, ಗುಳಿ ಇಲ್ಲ. ಫ್ಲೇರ್‌ಗಳು ಒಣಗಿವೆ. ಸುರುಳಿಯ ಜೊತೆ ಬಂದ ನಟ್‌ಗಳ ಲೇಪ ಮಾತ್ರ ಎರಡನೇ ಮಳೆಗೇ ಹೋಗಿ ತುಕ್ಕು ಹಿಡಿಯಿತು. ನಟ್ಟನ್ನು ಬೇರೆಯೇ ಕೊಳ್ಳಿ, ಬಿಗಿದ ಮೇಲೆ ಹೊರಗಡೆ ಗ್ರೀಸ್ ಹಚ್ಚಿ. ಈ ಪೈಪು ಉಕ್ಕಿಗಿಂತ ಮೆತ್ತಗೆ, ಬರಿ ಕಬ್ಬಿಣದ ಕ್ಲಿಪ್ಪಿಗೆ ತಾಗಿದರೆ ಸವೆಯುತ್ತದೆ. ಹಾಗಾಗಿ ರಬ್ಬರ್ ಪದರದ ಕ್ಲಿಪ್ಪನ್ನೇ ಹಾಕಬೇಕು, ಮೂಲದಲ್ಲಿ ಇದ್ದುದಕ್ಕಿಂತ ಒಂದು ಹೆಚ್ಚಿಗೆ.

ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕರಾವಳಿಯ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಹೆಚ್ಚೇನಲ್ಲ. ಸಿಲಿಕೋನಿನ ಡಾಟ್ 5 ಬೆರೆಸಲೇಬೇಡಿ. ಸುರುಳಿಯಲ್ಲಿ ಉಳಿದ ಪೈಪಿನ ಎರಡೂ ತುದಿಗೆ ಟೇಪ್ ಸುತ್ತಿ ಒಣ ಜಾಗದಲ್ಲಿಡಿ. ಅಷ್ಟೇ ದಪ್ಪದ ಬ್ರೇಕ್ ಪೈಪಿಗೆ ಮುಂದೆ ಅದೇ ಬರುತ್ತದೆ.