ತೂಗುಬುಟ್ಟಿ: ತೆಂಗಿನ ನಾರೋ, ಪ್ಲಾಸ್ಟಿಕ್ಕೋ?

ಮಲೆನಾಡಿನ ಮೂಡಿಗೆರೆಯ ಜಗಲಿಗೂ ಬಯಲುಸೀಮೆಯ ಕಡೂರಿನ ಬಾಲ್ಕನಿಗೂ ಒಂದೇ ಉತ್ತರ ಹೇಳಲಾಗದು. ಜಿಲ್ಲೆ ಒಂದೇ ಆದರೂ ಮಳೆ ಬೇರೆ, ಬಿಸಿಲು ಬೇರೆ.

ಬೆಲೆ ನೋಡಿದರೆ ಪ್ಲಾಸ್ಟಿಕ್ ಕುಂಡವೇ ಅಗ್ಗ, ಹಗುರ ಕೂಡ. ಬಿಸಿಲಿಗೆ ಕ್ರಮೇಣ ಅಂಚು ಸೀಳುತ್ತದೆ. ತಂತಿಬುಟ್ಟಿ ಬಾಳುತ್ತದೆ, ಒಳಗಿನ ನಾರಿನ ಹಾಸನ್ನು ಮಾತ್ರ ಆಗಾಗ ಬದಲಿಸಬೇಕು. ನಮ್ಮ ಮನೆಯ ಹಾಸನ್ನು ಹಕ್ಕಿಗಳು ಗೂಡಿಗೆಂದು ಎಳೆ ಎಳೆಯಾಗಿ ಕಿತ್ತೊಯ್ದವು!

ನಿಜವಾದ ವ್ಯತ್ಯಾಸ ನೀರಿನದು. ನಾರಿನ ಬುಟ್ಟಿಯಲ್ಲಿ ನೀರು ನಿಲ್ಲುವುದಿಲ್ಲ, ಸುತ್ತಲೂ ಗಾಳಿಯಾಡಿ ಮಣ್ಣು ಬೇಗ ಒಣಗುತ್ತದೆ. ಆಷಾಢದ ಜಡಿಮಳೆಯಲ್ಲಿ ಅದು ವರ; ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಬಾರಿ ನೀರೆರೆಯುವ ಚಾಕರಿ. ಕಡೂರು, ಅರಸೀಕೆರೆ ಕಡೆಯವರಿಗೆ ಪ್ಲಾಸ್ಟಿಕ್ಕೇ ಅನುಕೂಲ. ತಳದಲ್ಲಿ ತೂತಿದೆಯೇ ನೋಡಿಕೊಳ್ಳಿ.

ಗಿಡಗಳಲ್ಲಿ, ಉರಿಬಿಸಿಲಿಗೆ ಟೇಬಲ್ ರೋಸ್. ದಪ್ಪ ಎಲೆಯಲ್ಲೇ ನೀರಿಟ್ಟುಕೊಳ್ಳುವುದರಿಂದ ಒಂದು ದಿನ ಮರೆತರೂ ಮುನಿಯುವುದಿಲ್ಲ. ಮೋಡ ಕವಿದರೆ ಮಾತ್ರ ಹೂ ಸರಿಯಾಗಿ ಅರಳದು. ಪೆಟೂನಿಯ ಚಳಿಗಾಲಕ್ಕೆ ಚೆನ್ನ, ಮಳೆ ಬಿದ್ದರೆ ದಳಗಳು ಒದ್ದೆ ಕಾಗದದಂತೆ ಅಂಟಿಕೊಳ್ಳುತ್ತವೆ. ನೆರಳಿನ ಜಗಲಿಗೆ ಬಿಗೋನಿಯ. ಮಲೆನಾಡಿನ ತಂಪಿದ್ದರೆ ಫ್ಯೂಷಿಯವನ್ನೂ ಬೆಳೆಸಿ ನೋಡಬಹುದು. ಯಾವುದನ್ನೇ ತೂಗುಹಾಕಿ, ಹೆಂಚಿನ ಸೂರುನೀರು ನೇರ ಬುಟ್ಟಿಗೆ ಬೀಳದಂತೆ ಕೊಕ್ಕೆಯನ್ನು ಒಂದಡಿ ಒಳಗೇ ಹೊಡೆಸಿ.