ಒನ್ ಕಟ್ ಆಫ್ ದ ಡೆಡ್, ಬ್ಯಾಡ್ ಟೇಸ್ಟ್, ಈವಿಲ್ ಡೆಡ್ 2: ನನ್ನ ದುಡ್ಡು ಯಾವುದಕ್ಕೆ?

ಮೂರೂ ಹೆದರಿಸುತ್ತಲೇ ನಗಿಸುವ ಹಾರರ್ ಸಿನಿಮಾಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಪಾನಿನ 'ಒನ್ ಕಟ್ ಆಫ್ ದ ಡೆಡ್'ಗೆ. 2017ರ ಈ ಸಿನಿಮಾಕ್ಕೆ ಆದ ಖರ್ಚು ಸುಮಾರು 30 ಲಕ್ಷ ಯೆನ್, ಅಂದರೆ 20 ಲಕ್ಷ ರೂಪಾಯಿಯೂ ಇಲ್ಲ.

ಮೊದಲ 37 ನಿಮಿಷ ಎಲ್ಲೂ ಕಟ್ ಇಲ್ಲದ ಒಂದೇ ಶಾಟ್. ಹಾಳುಬಿದ್ದ ಕಟ್ಟಡ, ಜೊಂಬಿಗಳು (ಎದ್ದು ಓಡಾಡುವ ಹೆಣಗಳು), ನಡುನಡುವೆ ಮಾತು ಸಿಗದೆ ಸುಮ್ನೆ ನಿಂತುಬಿಡುವ ನಟರು. ಲೆನ್ಸಿಗೆ ರಕ್ತ ಸಿಡಿಯುತ್ತದೆ, ಅದನ್ನು ಯಾರೋ ಒರೆಸುತ್ತಾರೆ. ಇಷ್ಟು ಕೆಟ್ಟದಾಗಿ ಯಾಕೆ ತೆಗೆದರು ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಅಲ್ಲಿತನಕ ಕೂರಬೇಕಲ್ಲ, ಅದೇ ಕಿರಿಕಿರಿ.

ನಾನು ಆನ್‌ಲೈನಿನಲ್ಲಿ ಬಾಡಿಗೆಗೆ ತಗೊಂಡಿದ್ದೆ. ಪ್ಲೇ ಒತ್ತಿದರೆ 48 ಗಂಟೆ ಗಡುವು. ತೀರ್ಥಹಳ್ಳಿ ಕಡೆಯ ಜುಲೈ ಮಳೆಗೆ ಈ ಗಡುವು ಯಾವ ಲೆಕ್ಕ? ಅರ್ಧ ಗಂಟೆಯೂ ಆಗಿರಲಿಲ್ಲ, ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಯಿತು. "ಎಂತ ಮಾರಾಯ ಇದು, ಸ್ಕೂಲ್ ಡೇ ನಾಟಕನಾ?" ಅಂತ ಭಾವ ಎದ್ದು ಹೋದರು. ಇನ್ವರ್ಟರೂ ರಾತ್ರಿಯೇ ಕೈಕೊಟ್ಟಿತು. ಲೈನ್‌ಮನ್ ಬಂದು ಸರಿಮಾಡುವಷ್ಟರಲ್ಲಿ ಗಡುವು ಮುಗಿದಿತ್ತು. ದೂರು ಬರೆದರೆ 'ನೀವು ವೀಕ್ಷಣೆ ಆರಂಭಿಸಿದ್ದೀರಿ' ಅನ್ನುವ ಒಂದೇ ಉತ್ತರ.

ಮತ್ತೆ ದುಡ್ಡು ಕಟ್ಟಿದೆ. ಭಾವನನ್ನು ಮತ್ತೆ ಕೂರಿಸುವುದು ಅದಕ್ಕಿಂತ ಕಷ್ಟವಾಯಿತು, ಯಾಕೆಂದರೆ ಆ ಬೋರು ಹೊಡೆಸುವ ಭಾಗವನ್ನು ಮೊದಲಿಂದ ನೋಡದಿದ್ದರೆ ಮುಂದಿನ ಮಜಾ ಹತ್ತುವುದೇ ಇಲ್ಲ. ಬಿಸಿ ಪತ್ರೊಡೆ ಆಸೆ ತೋರಿಸಿದೆ. ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕವರು ಅವರೇ.

'ಬ್ಯಾಡ್ ಟೇಸ್ಟ್' ನ್ಯೂಜಿಲೆಂಡಿನದು, 1987ರದ್ದು. ನಿರ್ದೇಶಕ ಪೀಟರ್ ಜಾಕ್ಸನ್ ಗೆಳೆಯರನ್ನು ಕಟ್ಟಿಕೊಂಡು ವಾರದ ರಜೆಗಳಲ್ಲಿ ವರ್ಷಗಟ್ಟಲೆ ತೆಗೆದ ಸಿನಿಮಾ. ಕಥೆಯಲ್ಲಿ ಬರುವ ಅನ್ಯಗ್ರಹದವರ ಮುಖವಾಡಗಳು ಬೆಂದಿದ್ದು ಅವರ ಅಮ್ಮನ ಅಡುಗೆಮನೆ ಓವನ್ನಿನಲ್ಲಿ! ಎರಡು ಪಾತ್ರ ಅವರೇ ಮಾಡಿದ್ದಾರೆ, ಕಡಲ ಬಂಡೆಯ ತುದಿಯಲ್ಲಿ ತಮ್ಮ ಜೊತೆ ತಾವೇ ಹೊಡೆದಾಡುತ್ತಾರೆ. ಅದೊಂದಕ್ಕೇ ನೋಡಬಹುದು. ಆದರೆ ಬಟ್ಟಲಲ್ಲಿ ವಾಂತಿ ಹಿಡಿದು ಕುಡಿಯುವ ದೃಶ್ಯ ಇದೆ, ಊಟದ ಹೊತ್ತಿಗೆ ಬೇಡ.

'ಈವಿಲ್ ಡೆಡ್ 2' ಕೂಡ 1987ರದ್ದೇ, ದುಡ್ಡು ಮಾತ್ರ ಜಾಸ್ತಿ, ಸುಮಾರು 35 ಲಕ್ಷ ಡಾಲರ್. ಹೀರೋ ದೆವ್ವ ಹಿಡಿದ ತನ್ನ ಕೈಯನ್ನೇ ಗರಗಸದಿಂದ ಕತ್ತರಿಸಿ, ಬಕೆಟ್ ಕವುಚಿ ಹಾಕಿ, ಮೇಲೆ ಪುಸ್ತಕ ಪೇರಿಸುತ್ತಾನೆ. ಭಾರಿ ನಗು. ಆದರೆ ಕಥೆ ಕಾಡಿನ ಒಂಟಿ ಮನೆಯದ್ದು, ನನ್ನದೂ ಅಡಿಕೆ ತೋಟದ ಮಧ್ಯದ ಒಂಟಿ ಮನೆ. ರಾತ್ರಿ ಹೊರಗೆ ಹೋಗಬೇಕಲ್ಲ!

ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನೋಡುವ ನನಗೆ ಒನ್ ಕಟ್ಟೇ ಸರಿ, ಸಬ್‌ಟೈಟಲ್ ಓದಬೇಕು ಅಷ್ಟೇ. ಘಟ್ಟದ ಮೇಲಿನವರು ಮಳೆಗಾಲದಲ್ಲಿ ಬಾಡಿಗೆಗೆ ತಗೊಳ್ಳಬೇಡಿ, ಸ್ವಲ್ಪ ಜಾಸ್ತಿ ಆದರೂ ಕೊಂಡುಬಿಡಿ.